ತಂಗಿಗೆ ತಿಳಿಸು

ಸಕಲೇಶಪುರ

ಚಿ. ಪ್ರದೀಪನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನಗೆ ತೀವ್ರ ಸ್ವರೂಪದ ರಕ್ತದ ಕ್ಯಾನ್ಸರ್ ಬಂದಿದೆಯೆಂದೂ, ಮ್ಯೂನಿಕ್‌ನ ವೈದ್ಯರು ಅಸ್ಥಿಮಜ್ಜೆ ಕಸಿ ಆಗಬೇಕೆಂದು ಹೇಳಿದ್ದಾರೆಂದೂ ನೀನು ಬರೆದದ್ದನ್ನು ಓದಿದೆ. ಕಾಯಿಲೆಯ ಸುದ್ದಿಯಷ್ಟೇ ಬಲವಾಗಿ ನನ್ನನ್ನು ಕಲಕಿದ್ದು ನಿನ್ನ ಕೊನೆಯ ಮಾತು: ತಂಗಿಯ ಮದುವೆಯ ಮಾತುಕತೆ ಮುಗಿಯುವವರೆಗೆ ಅಮ್ಮನಿಗೂ ಅವಳಿಗೂ ತಿಳಿಸಬೇಡಿ ಎಂದು ಕೇಳಿದ್ದೀಯೆ.

ನಿನ್ನ ಭಯ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ನಮ್ಮ ಕಡೆ ಹೆಣ್ಣು ನೋಡಲು ಬರುವವರು ಮನೆತನದಲ್ಲಿ ಯಾರಿಗೆ ಏನು ಕಾಯಿಲೆ ಎಂಬುದನ್ನು ಊರಿನಲ್ಲಿ ವಿಚಾರಿಸಿಕೊಂಡೇ ಬರುತ್ತಾರೆ. ಆದರೆ ಈ ರೋಗ ಅಂಟುವುದಿಲ್ಲ, ಬಹುಪಾಲು ರೋಗಿಗಳಲ್ಲಿ ವಂಶದಿಂದ ಬಂದದ್ದೂ ಅಲ್ಲ. ಅದನ್ನು ಬೀಗರಾಗುವವರಿಗೆ ವಿವರಿಸುವ ಹೊಣೆ ನನ್ನದು. ವಿವರಿಸಿದ ಮೇಲೂ ಹಿಂದೆ ಸರಿಯುವ ಮನೆಗೆ ನಮ್ಮ ಹುಡುಗಿಯನ್ನು ಕೊಡುವುದು ಬೇಡ.

ತುರ್ತಾದ ಕಾರಣ ಇನ್ನೊಂದಿದೆ. ಒಡಹುಟ್ಟಿದವರಲ್ಲಿ ಎಚ್‌ಎಲ್‌ಎ, ಅಂದರೆ ಕಸಿಗೆ ಹೊಂದಬೇಕಾದ ಜೀವಕೋಶಗಳ ಗುರುತು, ಪೂರ್ತಿ ಹೊಂದುವ ಸಾಧ್ಯತೆ ಶೇ 25; ಹೊರಗಿನ ದಾನಿಗಳಲ್ಲಾದರೆ ಅದು ಒಂದೇ ಮೂಲದ ಜನರ ನಡುವೆಯೇ ಹೆಚ್ಚಾಗಿ ಹೊಂದುವುದರಿಂದ, 1991ರಿಂದ ದಾನಿಗಳನ್ನು ನೋಂದಾಯಿಸುತ್ತಿರುವ ಡಿಕೆಎಂಎಸ್‌ನಂಥ ಸಂಸ್ಥೆ ಅಲ್ಲಿದ್ದರೂ, ಜರ್ಮನರಿಗೆ ಸಿಕ್ಕಷ್ಟು ಸುಲಭವಾಗಿ ನಮ್ಮವರಿಗೆ ದಾನಿ ಸಿಗುವುದಿಲ್ಲ. ಅರ್ಧ ಹೊಂದಿದರೂ ಕಸಿ ಮಾಡುವ ವಿಧಾನ ಈಗ ಇದೆ, ತಾಯಿ ಮಕ್ಕಳಲ್ಲಿ ಅರ್ಧ ಹೊಂದಾಣಿಕೆ ಇದ್ದೇ ಇರುತ್ತದೆ. ಹಾಗಿರುವಾಗ ನೀನು ಸುದ್ದಿ ಮುಚ್ಚಿಡುತ್ತಿರುವುದು ನಿನ್ನನ್ನು ಉಳಿಸಬಲ್ಲವರಿಂದಲೇ.

ಮಜ್ಜೆ ಕೊಟ್ಟವಳಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಯಾರಾದರೂ ಅಂದರೆ ನಂಬಬೇಡ, ಅದು ಸುಳ್ಳು. ಮೊದಲ ಪರೀಕ್ಷೆಗೆ ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಸವರಿದರೆ ಸಾಕು. ಹೊಂದಿದರೆ ಸಾಮಾನ್ಯವಾಗಿ ನಾಲ್ಕೈದು ದಿನ ಚರ್ಮದಡಿಗೆ ಇಂಜೆಕ್ಷನ್ ಕೊಟ್ಟು, ಒಂದು ತೋಳಿನಿಂದ ರಕ್ತವನ್ನು ಯಂತ್ರಕ್ಕೆ ಹರಿಸಿ, ರಕ್ತವನ್ನು ಹುಟ್ಟಿಸುವ ಆಕರಕೋಶಗಳನ್ನು ಬೇರ್ಪಡಿಸಿಕೊಂಡು, ಉಳಿದದ್ದನ್ನು ಇನ್ನೊಂದು ತೋಳಿಗೆ ಮರಳಿಸುತ್ತಾರೆ. ಕೊಡುವುದೋ ಬಿಡುವುದೋ ಅವಳ ತೀರ್ಮಾನ. ಕೇಳದೆಯೇ ಅವಳ ಪರವಾಗಿ ನೀನು ಬೇಡವೆನ್ನಬೇಡ.

ಮಗೂ, ಅಲ್ಲಿ ಒಬ್ಬನೇ ಇದ್ದೀಯೆ, ಸಂಕೋಚದ ಸ್ವಭಾವ ಬೇರೆ. ಕೀಮೋ ಆದ ಮೇಲೆ ಜ್ವರ 38 ಡಿಗ್ರಿ ದಾಟಿದರೆ, ಅಪರಾತ್ರಿಯಲ್ಲಿ ಯಾರಿಗೆ ತೊಂದರೆ ಕೊಡುವುದೆಂದು ಬೆಳಗಾಗುವವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡು. ಕಚೇರಿಗೆ ಸಾಕಾಗುವ ನಿನ್ನ ಜರ್ಮನ್ ಇಂಥ ಮಾತುಗಳಿಗೆ ಸಾಲದು, ದುಭಾಷಿಯನ್ನು ಕೇಳು. ಅಲ್ಲಿನ ಕಾನೂನಿನಂತೆ ಕಾಯಿಲೆಯ ಮೊದಲ 6 ವಾರ ಕಂಪನಿಯೇ ಸಂಬಳ ಕೊಡಬೇಕು, ಆಮೇಲೆ ಸರ್ಕಾರಿ ಆರೋಗ್ಯ ವಿಮೆಯಲ್ಲಿರುವವರಿಗೆ ಅದರ ಒಂದು ಭಾಗ ವಿಮೆಯಿಂದ ಬರುತ್ತದೆ. ವೀಸಾದ ಚಿಂತೆಯನ್ನು ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಮುಂದೆ ಬಿಚ್ಚಿ ಹೇಳು. ಊರಿನಿಂದ ಯಾರಾದರೂ ನಾಟಿ ಔಷಧಿ ಕಳುಹಿಸಿದರೆ ವೈದ್ಯರಿಗೆ ತೋರಿಸದೆ ಬಾಯಿಗೆ ಹಾಕಬೇಡ.

ಅಮ್ಮನಿಗೆ ಫೋನಿನಲ್ಲಿ ಹೇಳುವುದು ಬೇಡ. ನೀನು ಒಪ್ಪಿದರೆ ನಾನೂ ನಿನ್ನ ದೊಡ್ಡಮ್ಮನೂ ಹೋಗಿ ಎದುರು ಕುಳಿತು ಹೇಳುತ್ತೇವೆ, ಅಳುವಷ್ಟು ಅತ್ತ ಮೇಲೆ ಅವಳೇ ನಿನಗೆ ಫೋನ್ ಮಾಡಲಿ. ಪರೀಕ್ಷೆಗೆ ಬೇಕಾದ ವಿವರಗಳನ್ನು ವೈದ್ಯರಿಂದ ಬರೆಸಿ ಬೇಗ ಕಳುಹಿಸು; ತಂಗಿಯನ್ನು ಬೆಂಗಳೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ.

ಇಂತಿ ನಿನ್ನ ದೊಡ್ಡಪ್ಪ