ಎಡಗಡೆಯ ಸೀಟು ಬಿಡುವ ಮುಂಚೆ

ತೀರ್ಥಹಳ್ಳಿ

ಪ್ರೀತಿಯ ಮಗಳಿಗೆ,

ಅಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ಮಳೆ ಹಿಡಿದುಕೊಂಡಿದೆ. ಅಡಿಕೆಗೆ ಎರಡನೆಯ ಸಲ ಮದ್ದು ಹೊಡೆಸಲು ಬಿಸಿಲು ಕಾಯುತ್ತಿದ್ದೇನೆ.

ಭಾನುವಾರ ನೀನು ಫೋನಿನಲ್ಲಿ, "ಅಪ್ಪ, ದೊಡ್ಡ ವಿಮಾನ ಕಂಪನಿಯಿಂದ ಕರೆ ಬಂದಿದೆ. ಇಲ್ಲಿನ ಸಣ್ಣ ಕಂಪನಿಯ ಕ್ಯಾಪ್ಟನ್ ಸೀಟು ಬಿಟ್ಟು ಅಲ್ಲಿ ಕೋ-ಪೈಲಟ್ ಆಗಿ, ಪಟ್ಟಿಯ ಕೊನೆಯಿಂದ ಶುರುಮಾಡಬೇಕು. ಹೋಗಲೋ ಬೇಡವೋ?" ಎಂದು ಕೇಳಿದಾಗ ನಾನು ಏನೂ ಹೇಳದೆ ಫೋನನ್ನು ನಿನ್ನ ಅಮ್ಮನ ಕೈಗೆ ಕೊಟ್ಟುಬಿಟ್ಟೆ. ನಿನಗೆ ಬೇಸರವಾಗಿರಬೇಕು. ನಿಂತ ನಿಲುವಿನಲ್ಲಿ ಉತ್ತರ ಕೊಡುವ ಮಾತಲ್ಲವೆಂದು ಸುಮ್ಮನಾದೆ. ಎರಡು ರಾತ್ರಿ ಯೋಚಿಸಿ ಈಗ ಕಾಗದ ಬರೆಯಲು ಕುಳಿತಿದ್ದೇನೆ.

ನೀನು ಹೇಳಿದ್ದರಲ್ಲಿ ನನಗೆ ಚೆನ್ನಾಗಿ ಅರ್ಥವಾದದ್ದು ಒಂದು ಮಾತು: ಸೀನಿಯಾರಿಟಿ, ಕೆಲಸಕ್ಕೆ ಸೇರಿದ ಕ್ರಮದ ಪಟ್ಟಿ. ಹದಿನಾಲ್ಕನೇ ನಂಬರಿನವನಿಗೂ ನಲವತ್ತನೇ ನಂಬರಿನವನಿಗೂ ಇರುವ ಅಂತರ ಏನೆಂದು ಬಸ್ ಡಿಪೋದಲ್ಲಿ ದುಡಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಿನಗೆ ಇದುವರೆಗೆ ಹೇಳದ ಸಂಗತಿಯೊಂದಿದೆ. ನೀನು ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ ನನಗೆ ಸರ್ಕಾರಿ ಬಸ್ಸಿನ ಕೆಲಸಕ್ಕೆ ಕರೆ ಬಂದಿತ್ತು. ಆಗ ನಾನು ಶಿವಮೊಗ್ಗ ದಾರಿಯ ಖಾಸಗಿ ಬಸ್ಸಿನಲ್ಲಿದ್ದೆ. ಆ ದಾರಿಯಲ್ಲಿ ನನಗೆ ಹೆಸರಿತ್ತು. ಬೆಳಗಿನ ಮೊದಲ ಟ್ರಿಪ್ ನನ್ನದೇ. ಅಂಗಡಿಯವರು ನನ್ನ ಹಾರ್ನ್ ಕೇಳಿ ಬಾಗಿಲು ತೆಗೆಯುತ್ತಿದ್ದರು. ಅಷ್ಟೆಲ್ಲ ಬಿಟ್ಟು ಡಿಪೋಗೆ ಹೋಗಿ ಬದಲಿ ಚಾಲಕನಾಗಿ ನಿಲ್ಲಬೇಕಲ್ಲ ಎನ್ನಿಸಿತು. ಮಾಲೀಕರೂ ಸಂಬಳ ಹೆಚ್ಚಿಸಿದರು. ಉಳಿದುಬಿಟ್ಟೆ. ನನ್ನ ಜೊತೆಯವನೊಬ್ಬ ಹೋದ.

ನಾಲ್ಕು ವರ್ಷದ ಮೇಲೆ, ವಯಸ್ಸು ಮೀರುವ ಹೊತ್ತಿಗೆ, ನಾನೂ ಹೋದೆ. ಅವನಿಗೂ ನನಗೂ ಒಂದೇ ವಯಸ್ಸು, ಒಂದೇ ಅನುಭವ. ಆದರೆ ಪಟ್ಟಿಯಲ್ಲಿ ನನಗಿಂತ ಎಷ್ಟೋ ಜನ ಮುಂದಿದ್ದರು. ಅವನಿಗೆ ಹಗಲಿನ ಡ್ಯೂಟಿ ಸಿಕ್ಕ ಎಷ್ಟೋ ವರ್ಷಗಳ ಮೇಲೂ ನನಗೆ ನೈಟ್ ಹಾಲ್ಟ್ ತಪ್ಪಲಿಲ್ಲ. ಹೊಸನಗರದ ಆಚೆಯ ಹಳ್ಳಿಯೊಂದರಲ್ಲಿ ಬಸ್ಸು ನಿಲ್ಲಿಸಿ, ಹಿಂದಿನ ಉದ್ದ ಸೀಟಿನಲ್ಲಿ ನಾನು ಮಲಗುತ್ತಿದ್ದೆ. ಕಂಡಕ್ಟರ್ ದುಡ್ಡಿನ ಚೀಲವನ್ನು ತಲೆಯಡಿಗೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಮಲಗುತ್ತಿದ್ದ. ಮಳೆಗಾಲದಲ್ಲಿ ಕಿಟಕಿಯ ಸಂದಿಯಿಂದ ನೀರು ತೊಟ್ಟಿಕ್ಕಿ ಕಂಬಳಿ ಒದ್ದೆಯಾಗುತ್ತಿತ್ತು. ನಿನಗೆ ಟೈಫಾಯಿಡ್ ಬಂದ ವಾರ ನಾನು ಅಲ್ಲೇ ಇದ್ದೆ. ನಿನ್ನ ಶಾಲಾ ವಾರ್ಷಿಕೋತ್ಸವ ಒಂದನ್ನೂ ನೋಡಲಿಲ್ಲ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ, ಪಟ್ಟಿ ಇದ್ದದ್ದೇ ಹಾಗೆ. ತಡ ಮಾಡಿದವನು ನಾನು.

ಇಷ್ಟು ಹೇಳಿದ್ದರಿಂದ ನಾನು "ಹೋಗು" ಎನ್ನುತ್ತೇನೆ ಎಂದು ನಿನಗೆ ಅನ್ನಿಸಬಹುದು. ತಾಳು, ಇನ್ನೂ ಇದೆ.

2023ರಲ್ಲಿ ಏರ್ ಇಂಡಿಯಾ 470 ವಿಮಾನ, ಇಂಡಿಗೋ 500 ವಿಮಾನ ಕೊಳ್ಳುತ್ತೇವೆಂದು ಹೇಳಿದ್ದನ್ನು ನೀನು ಮತ್ತೆ ಮತ್ತೆ ಹೇಳಿದೆ. ಅಷ್ಟು ವಿಮಾನಕ್ಕೆ ಕ್ಯಾಪ್ಟನ್‌ಗಳು ಬೇಕೇ ಬೇಕು, ಬೇಗ ಎಡಗಡೆಯ ಸೀಟಿಗೆ, ಅಂದರೆ ಕ್ಯಾಪ್ಟನ್ ಸೀಟಿಗೆ, ಬರುತ್ತೇನೆ ಎಂಬುದು ನಿನ್ನ ಲೆಕ್ಕ. ಹೊಸ ಬಸ್ಸು ಬರುತ್ತದೆಂಬ ಸುದ್ದಿ ಪೇಪರಿನಲ್ಲಿ ಬಂದ ಮೇಲೂ ನಾವು ಹಳೆಯ ಗಾಡಿಯನ್ನೇ ವರ್ಷಗಟ್ಟಲೆ ಓಡಿಸಿದ್ದೇವೆ. ನಿನಗೆ ಬೇಕಾದ ಲೆಕ್ಕ ಬೇರೆ. ಹೋದ ವರ್ಷ ಆ ಕಂಪನಿಯಲ್ಲಿ ಎಷ್ಟು ಜನ ಕೋ-ಪೈಲಟ್‌ಗಳು ಕ್ಯಾಪ್ಟನ್ ಆದರು? ಅವರು ಸೇರಿ ಎಷ್ಟು ವರ್ಷವಾಗಿತ್ತು? ಹೊರಗಿನಿಂದ ಬಂದ ಕ್ಯಾಪ್ಟನ್‌ಗಳು ಮೊದಲು ಹಾರಿದ ಗಂಟೆಗಳಿಗೆ ಏನಾದರೂ ಬೆಲೆ ಕೊಟ್ಟರೇ? ಸಂದರ್ಶನ ಮಾಡಿದವರನ್ನು ಕೇಳಬೇಡ. ಈಗ ಅಲ್ಲಿ ಬಲಗಡೆ, ಕೋ-ಪೈಲಟ್ ಸೀಟಿನಲ್ಲಿ, ಕೂತಿರುವವರನ್ನು ಕೇಳು.

ಇನ್ನೊಂದು ಮಾತು. ದೊಡ್ಡ ಕಂಪನಿ ಎಂದರೆ ಭದ್ರ ಎಂದುಕೊಳ್ಳಬೇಡ. ಇದನ್ನು ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ತೋಟದ ಅರ್ಧ ಮಾರಿ ನಿನಗೆ ಲೈಸೆನ್ಸ್ ಮಾಡಿಸಿದ ಕಾಲಕ್ಕೇ ಎಲ್ಲೆಲ್ಲೂ ಕೆಲಸ ನಿಂತುಹೋಯಿತು. ಐದು ವರ್ಷ ನೀನು ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಕೊಡುತ್ತ ನಿಂತೆ. 2012ರಲ್ಲಿ ಕಿಂಗ್‌ಫಿಷರ್ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ಜೆಟ್‌ನಲ್ಲಿ ಇಪ್ಪತ್ತು ವರ್ಷದ ಸೀನಿಯಾರಿಟಿ ಇದ್ದವರೂ ಬೇರೆ ಕಡೆ ಹೋಗಿ ಪಟ್ಟಿಯ ಕೊನೆಯಲ್ಲಿ ನಿಂತರೆಂದು ನೀನೇ ಕಣ್ಣೀರು ಹಾಕಿದ್ದೆ. ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್ ಪೈಲಟ್‌ನ ಸ್ವತ್ತು, ಸೀನಿಯಾರಿಟಿ ಕಂಪನಿಯ ಸ್ವತ್ತು. ಕಂಪನಿ ಮುಳುಗಿದರೆ ಅದೂ ಮುಳುಗುತ್ತದೆ.

ಹಾಗೆಂದು ಈಗಿನ ಜಾಗವೂ ಗಟ್ಟಿ ನೆಲವಲ್ಲ. ಸಣ್ಣ ಊರುಗಳಿಗೆ ವಿಮಾನ ಬಿಡುವ ಉಡಾನ್ ಯೋಜನೆಯ ದಾರಿಗಳಿಗೆ ಸರ್ಕಾರದ ನೆರವು ಕೆಲವು ವರ್ಷಕ್ಕೆ ಮಾತ್ರ. ಆಮೇಲೆ ಜನ ತುಂಬದಿದ್ದರೆ ದಾರಿಯೇ ಮುಚ್ಚುತ್ತದೆ. ನಿನ್ನ ಕಂಪನಿಯ ಎರಡು ಊರು ಹಾಗೆಯೇ ಹೋದವು. ಈಗಿನ ಸಣ್ಣ ಎಟಿಆರ್ ವಿಮಾನ ಹಾರಿಸಿದ ಗಂಟೆಗಳು ಎಷ್ಟೇ ಇದ್ದರೂ ದೊಡ್ಡ ಏರ್‌ಬಸ್‌ಗೆ ಹೋಗಲು ಟೈಪ್ ರೇಟಿಂಗ್, ಅಂದರೆ ಆ ಜಾತಿಯ ವಿಮಾನ ಹಾರಿಸುವ ಅರ್ಹತೆ, ಹೊಸದಾಗಿ ಮಾಡಬೇಕು, ಸಿಮ್ಯುಲೇಟರಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂರಬೇಕು. ಅದನ್ನು ಮೂವತ್ತೆಂಟರಲ್ಲಿ ಮಾಡುವುದಕ್ಕೂ ನಲವತ್ತೈದರಲ್ಲಿ ಮಾಡುವುದಕ್ಕೂ ವ್ಯತ್ಯಾಸವಿದೆ. ಅರವತ್ತೈದಕ್ಕೆ ನಿವೃತ್ತಿ ಎಂದರೆ ನಿನಗೆ ಇನ್ನೂ ಇಪ್ಪತ್ತೇಳು ವರ್ಷವಿದೆ. ಅದರಲ್ಲಿ ಐದಾರು ವರ್ಷ ಬಲಗಡೆ ಹೋದರೂ ಉಳಿದದ್ದು ಕಡಿಮೆಯಲ್ಲ.

ಆ ಬಲಗಡೆಯ ಸೀಟಿನ ವಿಷಯವೇ ನಿನ್ನನ್ನು ಹೆಚ್ಚು ಕೊರೆಯುತ್ತಿದೆ ಎಂದು ನನಗೆ ಗೊತ್ತು. ಭುಜದ ಮೇಲಿನ ಪಟ್ಟಿ ನಾಲ್ಕರಿಂದ ಮೂರಕ್ಕೆ ಇಳಿಯುತ್ತದೆ. ನಿನಗಿಂತ ಹತ್ತು ವರ್ಷ ಚಿಕ್ಕವನು ಕ್ಯಾಪ್ಟನ್ ಆಗಿ ಪಕ್ಕದಲ್ಲಿ ಕೂರಬಹುದು. ನೀನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, "ಅಡ್ಜಸ್ಟ್ ಆಗಬೇಕು" ಎಂದಷ್ಟೇ ಹೇಳಿದೆ.

ಶಿವಮೊಗ್ಗಕ್ಕೆ ವಿಮಾನ ಶುರುವಾದ ಮೇಲೆ ನೀನು ನಮ್ಮನ್ನು ಬೆಂಗಳೂರಿನಿಂದ ಕರೆತಂದ ದಿನ ನೆನಪಿದೆಯೇ? ಎಟಿಆರ್ ಹತ್ತುವುದು ಹಿಂಬಾಗಿಲಿನಿಂದ, ನಮ್ಮ ಹಳೆಯ ಬಸ್ಸುಗಳ ಹಾಗೆ. ಅದನ್ನು ಕಂಡೇ ನನ್ನ ಭಯ ಅರ್ಧ ಹೋಯಿತು. ಕಿಟಕಿಯಿಂದ ನೋಡುತ್ತೇನೆ, ನೀನು ಹಳದಿ ಜಾಕೆಟ್ ಹಾಕಿಕೊಂಡು ಕೆಳಗೆ ವಿಮಾನದ ಸುತ್ತ ಬರುತ್ತಿದ್ದೀಯೆ. ಚಕ್ರದ ಹತ್ತಿರ ಬಗ್ಗಿ ನೋಡಿದೆ. ಪ್ರೊಪೆಲ್ಲರಿನ ರೆಕ್ಕೆಯ ಮೇಲೆ ಅಂಗೈ ಸವರಿದೆ. ನಾನು ದಿನಾ ಬೆಳಗ್ಗೆ ಕಬ್ಬಿಣದ ಸರಳಿನಿಂದ ಟೈರು ತಟ್ಟಿ ಸದ್ದು ಕೇಳುತ್ತಿದ್ದಾಗ ನೀನು ಸ್ಲೇಟು ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಆ ದಿನ ನಿನ್ನ ಭುಜದ ಮೇಲೆ ಎಷ್ಟು ಪಟ್ಟಿ ಇತ್ತೆಂದು ನಾನು ಎಣಿಸಲಿಲ್ಲ ಮಗಳೇ. ನಿನ್ನ ಕೈಯನ್ನೇ ನೋಡುತ್ತಿದ್ದೆ. ಬಲಗಡೆ ಕೂತರೂ ಆ ಕೈ ಅದೇ.

ರಾತ್ರಿಗಳ ವಿಷಯಕ್ಕೆ ಬರುತ್ತೇನೆ, ನನಗೆ ಇದೇ ಮುಖ್ಯ. ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಪೈಲಟ್‌ಗಳಿಗೆ ಹೊಸ ನಿಯಮ ಮಾಡಿದೆ, ವಾರದ ವಿಶ್ರಾಂತಿ 36 ಗಂಟೆಯಿಂದ 48 ಆಗಿದೆ, ರಾತ್ರಿಯ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿದಿದೆ ಎಂದು ನೀನು ಸಂತೋಷಪಟ್ಟಿದ್ದೆ. ಒಳ್ಳೆಯ ನಿಯಮವೇ. ಆದರೆ 2025ರ ಡಿಸೆಂಬರ್‌ನಲ್ಲಿ ಸಾವಿರಾರು ವಿಮಾನಗಳು ರದ್ದಾಗಿ ಜನ ನಿಲ್ದಾಣಗಳಲ್ಲಿ ನೆಲದ ಮೇಲೆ ಮಲಗಿದಾಗ ಅದೇ ನಿಯಮಕ್ಕೆ ತಾತ್ಕಾಲಿಕ ಸಡಿಲಿಕೆ ಕೊಟ್ಟರು. ನಿಯಮ ಹೇಗೇ ಇರಲಿ, ಯಾರಿಗೂ ಬೇಡವಾದ ಡ್ಯೂಟಿ ಪಟ್ಟಿಯ ಕೊನೆಯವರ ಪಾಲಿಗೇ ಬರುತ್ತದೆ. ದೀಪಾವಳಿಗೆ, ಮಗುವಿನ ಹುಟ್ಟುಹಬ್ಬಕ್ಕೆ ರಜೆ ಸಿಗುವುದಿಲ್ಲ. ಮೊದಲ ಎರಡು ಮೂರು ವರ್ಷ ಅದು ಹಾಗೆಯೇ ಎಂದು ಅಳಿಯಂದಿರ ಜೊತೆ ಕೂತು ಮಾತಾಡು. ನಾನು ನಿನ್ನ ಅಮ್ಮನ ಜೊತೆ ಮಾತಾಡಿರಲಿಲ್ಲ. ಎಲ್ಲವನ್ನೂ ಅವಳೇ ಹೊತ್ತಳು.

ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು, ಬೆಂಗಳೂರು ಎಂದು ಆಫರ್ ಕಾಗದದಲ್ಲಿ ಬರೆದು ಕೊಡಲಿ. "ಕಂಪನಿಯ ಅಗತ್ಯಕ್ಕೆ ತಕ್ಕಂತೆ" ಎಂದಿದ್ದರೆ ಸಹಿ ಮಾಡಬೇಡ. ದೆಹಲಿ ಬೇಸ್ ಆದರೆ, ರಜೆಯ ದಿನಗಳು ದಾರಿಯಲ್ಲೇ ಕಳೆದುಹೋಗುತ್ತವೆ. ಕೆಲಸ ಬಿಡುವಂತಿಲ್ಲ ಎಂಬ ಬಾಂಡ್ ಎಷ್ಟು ವರ್ಷದ್ದು, ಟೈಪ್ ರೇಟಿಂಗ್ ಖರ್ಚು ಯಾರದ್ದು ಎಂಬುದನ್ನು ವಕೀಲರಿಗೆ ತೋರಿಸು.

ಇಷ್ಟು ಸರಿಯಿದ್ದರೆ ಹೋಗು. ನನ್ನ ಮನಸ್ಸಿನಲ್ಲಿರುವುದು ಇದೇ. ಈಗಿನ ಕಂಪನಿ ಮುಚ್ಚುತ್ತದೆಂಬ ಹೆದರಿಕೆಗೆ ಹೋಗಬೇಡ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದ ವಿಮಾನದ ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಣ್ಣುಮಕ್ಕಳೇ ಇದ್ದರಲ್ಲ, ಆ ರಾತ್ರಿ ನೀನು ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ್ದೆ. ನಿನ್ನ ದನಿಯಲ್ಲಿ ಅಂಥ ಆಸೆಯನ್ನು ನಾನು ಆಮೇಲೆ ಕೇಳಿಲ್ಲ. ಆ ಆಸೆ ಇನ್ನೂ ಇದ್ದರೆ ಅದಕ್ಕಾಗಿ ಹೋಗು. ಇಲ್ಲ, ಬೀದರ್, ಕಲಬುರಗಿಯಂಥ ಊರುಗಳಿಗೆ ಹಾರುವುದೇ ಹಿತ ಎನ್ನಿಸಿದರೆ ಅಲ್ಲೇ ಇರು. ಅದನ್ನು ಯಾರೂ ಸೋಲು ಎನ್ನಲಾರರು. ಆದರೆ ನನ್ನಂತೆ ನಾಲ್ಕು ವರ್ಷ ಬಾಗಿಲಲ್ಲಿ ನಿಂತಿರಬೇಡ. ಕ್ಯಾಪ್ಟನ್ ಆದವರು ಒಂದು ವರ್ಷದ ನೋಟಿಸ್ ಕೊಡಬೇಕೆಂಬ ನಿಯಮ ಬೇರೆ ಇದೆ. ಈ ತಿಂಗಳು ನಿರ್ಧರಿಸಿದರೂ ಹೋಗುವುದು ಬರುವ ವರ್ಷವೇ.

ಅಮ್ಮನ ಜೊತೆ ಮಾತಾಡಿದ್ದೇನೆ. ನಿನ್ನ ಟ್ರೈನಿಂಗ್ ಶುರುವಾದರೆ ಮೊದಲ ವರ್ಷ ನಾವು ಬೆಂಗಳೂರಿನಲ್ಲಿ ಇರುತ್ತೇವೆ. ತೋಟ ನೋಡಿಕೊಳ್ಳಲು ನಿನ್ನ ಚಿಕ್ಕಪ್ಪ ಒಪ್ಪಿದ್ದಾನೆ, ಕೊಯ್ಲಿನ ಹೊತ್ತಿಗೆ ನಾನೊಬ್ಬ ಬಂದು ಹೋದರೆ ಸಾಕು. ಮಗುವಿನ ಶಾಲೆಯ ಬಸ್ಸು ಬೆಳಗ್ಗೆ ಎಷ್ಟು ಗಂಟೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತಿಳಿಸು.

ಇತಿ,
ನಿನ್ನ ಅಪ್ಪ