ಗೇಟ್ ಕಾಯಲು ಲೈಸೆನ್ಸ್ ಬೇಕು, ಮನೆ ಇಣುಕಲು ಬೇಡ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ಬೆಳಿಗ್ಗೆ ನಮ್ಮ ಮನೆ ಬಾಗಿಲಿಗೆ ಒಬ್ಬ ಹುಡುಗ ಬಂದ. ಇಪ್ಪತ್ತೈದು ವಯಸ್ಸಿರಬಹುದು. ಕೈಯಲ್ಲೊಂದು ಕವರು. ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವವರಿಗೆ ಕೊರಿಯರ್ ಬಂದಿದೆ, ಬೆಲ್ ಮಾಡಿದರೆ ಯಾರೂ ತೆಗೆಯುತ್ತಿಲ್ಲ ಎಂದ. ಅಲ್ಲಿಗೆ ಸರಿ. ಆಮೇಲೆ, ‘ಅವರ ಮಗಳು ಕೆಲಸಕ್ಕೆ ಹೋಗ್ತಾರಲ್ಲ ಸಾರ್, ವಾಪಸ್ ಎಷ್ಟು ಗಂಟೆಗೆ ಬರ್ತಾರೆ?’ ಎಂದ. ಅದರ ಹಿಂದೆಯೇ, ‘ಡ್ರಾಪ್ ಮಾಡೋಕೆ ಯಾರಾದ್ರೂ ಬರ್ತಾರಾ?’ ಕೊರಿಯರ್ ಹುಡುಗನಿಗೆ ಡ್ರಾಪ್ ಮಾಡುವವನ ಚಿಂತೆ ಯಾಕೆ? ನನಗೆ ನಗು ಬಂತು. ಇದೇ ಎರಡು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಬೆಂಗಳೂರಿನ ಎಷ್ಟು ಬಾಗಿಲುಗಳಲ್ಲಿ ಕೇಳಿದ್ದೇನೋ, ಲೆಕ್ಕ ಇಟ್ಟಿಲ್ಲ.

ನಾನು 17 ವರ್ಷ ಖಾಸಗಿ ಪತ್ತೇದಾರಿ ಏಜೆನ್ಸಿಗಳಲ್ಲಿ ಫೀಲ್ಡ್ ಕೆಲಸ ಮಾಡಿದವನು. ಸಿನಿಮಾದಲ್ಲಿ ತೋರಿಸುವಂಥದ್ದೇನೂ ಅಲ್ಲ. ಹಳೇ ಸ್ಪ್ಲೆಂಡರ್ ಬೈಕು, ಒಂದು ಕ್ಯಾಪು, ಟೀ ಅಂಗಡಿ ಮುಂದೆ ದಿನವಿಡೀ ನಿಂತು ನಿಂತು ಬಂದ ಮಂಡಿನೋವು. ಮುಕ್ಕಾಲು ಪಾಲು ಕೆಲಸ ‘ಪ್ರೀ ಮ್ಯಾಟ್ರಿಮೋನಿಯಲ್’, ಅಂದರೆ ಮದುವೆಗೆ ಮುಂಚಿನ ವಿಚಾರಣೆ. ಹುಡುಗ ಕುಡಿಯುತ್ತಾನಾ, ಹುಡುಗಿಗೆ ಯಾರಾದರೂ ಇದ್ದಾರಾ, ಸಂಬಳ ಹೇಳಿದಷ್ಟೇ ಇದೆಯಾ. ಹಿಂದೆ ಇದನ್ನು ಸೋದರಮಾವನೋ ಮದುವೆ ಬ್ರೋಕರೋ ಮಾಡುತ್ತಿದ್ದರು. ಈಗ ಅದಕ್ಕೆ ಬಿಲ್ ಹಾಕುತ್ತಾರೆ, ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ. ತೆರಿಗೆ ತೆಗೆದುಕೊಳ್ಳುವಾಗ ಸರ್ಕಾರಕ್ಕೆ ನಮ್ಮ ಕಸುಬು ಕಾಣುತ್ತದೆ. ಉಳಿದ ಹೊತ್ತು ಕಾಣುವುದಿಲ್ಲ.

ಹುಡುಗನನ್ನು ಒಳಗೆ ಕರೆದೆ. ‘ಯಾವ ಏಜೆನ್ಸಿನಪ್ಪಾ?’ ಎಂದೆ. ಮುಖ ಬಿಳಚಿಕೊಂಡಿತು. ಕಾಫಿ ಕೊಟ್ಟ ಮೇಲೆ ಕೊರಳಿನ ಒಳಗಿಂದ ಕಾರ್ಡ್ ತೆಗೆದು ತೋರಿಸಿದ. ಕೆಂಪು ಟ್ಯಾಗು, ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ‘ಇನ್ವೆಸ್ಟಿಗೇಷನ್ ಆಫೀಸರ್’. ಸಿಂಹದ ಲಾಂಛನ ಒಂದಿಲ್ಲ ಅಷ್ಟೆ. ನನ್ನದೂ ಹೀಗೇ ಇತ್ತು. ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದು. ಕೆಲಸಕ್ಕೆ ಸೇರಿ ಎಷ್ಟು ದಿನ ಆಯ್ತು ಎಂದೆ. ಇಪ್ಪತ್ತು ದಿನ ಎಂದ. ಟ್ರೈನಿಂಗ್? ‘ಸೀನಿಯರ್ ಜೊತೆ ಎರಡು ದಿನ ಕಳಿಸಿದ್ರು ಸಾರ್.’

ಇದೇ ಮನೆಯಲ್ಲಿ ನನ್ನ ಅಕ್ಕನ ಮಗನೂ ಇದ್ದಾನೆ. ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯೂರಿಟಿ ಕೆಲಸ. ಅವನಿಗೆ ಸಂಬಳ ಕೊಡುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಲೈಸೆನ್ಸ್ ಇರಲೇಬೇಕು. ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ 25 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಗಾರ್ಡ್‌ಗೆ 18 ವರ್ಷ ತುಂಬಿರಬೇಕು, 65 ಮೀರಿರಬಾರದು, ನಡತೆಯ ಬಗ್ಗೆ ಪೊಲೀಸ್ ವೆರಿಫಿಕೇಷನ್ ಆಗಿರಬೇಕು. ಕೇಂದ್ರದ ಮಾದರಿ ನಿಯಮದಂತೆ 100 ಗಂಟೆ ಪಾಠ, 60 ಗಂಟೆ ಹೊರಗಿನ ತರಬೇತಿ. ಇದೆಲ್ಲ ಸರಿಯಾಗಿ ನಡೆಯುತ್ತದಾ ಎಂದು ಕೇಳಬೇಡಿ, ಕಾಗದದ ಮೇಲಾದರೂ ಇದೆ. ಗೇಟಿನ ಹೊರಗೆ ಕೂತು ವಿಸಿಟರ್ ಪುಸ್ತಕ ಬರೆಸಿಕೊಳ್ಳುವವನಿಗೆ ಇಷ್ಟು ನಿಯಮ. ಗೇಟು ದಾಟಿ ಒಳಗಿರುವವರ ಬದುಕು ಕೆದಕುವವನಿಗೆ ಎರಡು ದಿನದ ಸೀನಿಯರ್. ಇದು ತಮಾಷೆ ಅಲ್ವಾ?

ಪ್ರಯತ್ನ ಆಗಿಲ್ಲ ಅಂತಲ್ಲ. 2007ರಲ್ಲಿ ಖಾಸಗಿ ಪತ್ತೇದಾರಿ ಸಂಸ್ಥೆಗಳ ನಿಯಂತ್ರಣ ಮಸೂದೆ ರಾಜ್ಯಸಭೆಗೆ ಬಂತು. ಕೇಂದ್ರಕ್ಕೊಂದು ಮಂಡಳಿ, ರಾಜ್ಯಕ್ಕೊಂದು ಮಂಡಳಿ, ಎಲ್ಲರಿಗೂ ಲೈಸೆನ್ಸ್ ಎಂದಿತ್ತು. ಸಂಸದೀಯ ಸ್ಥಾಯಿ ಸಮಿತಿಗೂ ಹೋಯಿತು. ಕಾಯ್ದೆ ಮಾತ್ರ ಆಗಲಿಲ್ಲ. ಆಗ ನಮ್ಮ ಆಫೀಸಿನಲ್ಲಿ ಯಜಮಾನರು ‘ಇನ್ನು ಆರು ತಿಂಗಳು, ಎಲ್ಲರೂ ಡಿಗ್ರಿ ಮಾರ್ಕ್ಸ್ ಕಾರ್ಡ್ ತಂದಿಡಿ’ ಎಂದಿದ್ದರು. ನನ್ನದು ಇನ್ನೂ ಆ ಫೈಲಿನಲ್ಲೇ ಇರಬೇಕು.

ಲೈಸೆನ್ಸ್ ಇಲ್ಲದಿದ್ದರೆ ಏನಾಗುತ್ತದೆ ಎಂದು ನನಗೆ ಅರ್ಥವಾಗಿದ್ದು 2015ರಲ್ಲಿ. ಮಹಾಲಕ್ಷ್ಮಿ ಲೇಔಟಿನ ಒಬ್ಬ ಹುಡುಗಿ. ಗಂಡಿನ ಕಡೆಯವರು ಕೊಟ್ಟ ಕೆಲಸ. ಮೂರು ದಿನ ಹಿಂಬಾಲಿಸಬೇಕು. ಎರಡು ದಿನದ ರಿಪೋರ್ಟು ಓದಿದರೆ ನಿದ್ದೆ ಬರಬೇಕು: ಮನೆ, ಬಸ್ಸು, ಆಫೀಸು, ಲೈಬ್ರರಿ, ಮನೆ. ಮೂರನೇ ದಿನ ಸಂಜೆ ನವರಂಗ್ ಬಳಿ ಬಸ್ಸಿಳಿದವಳು ಮನೆ ಕಡೆ ಹೋಗಲಿಲ್ಲ. ಸೀದಾ ಅಲ್ಲಿ ನಿಂತಿದ್ದ ಮಹಿಳಾ ಕಾನ್‌ಸ್ಟೆಬಲ್ ಹತ್ತಿರ ಹೋಗಿ ನನ್ನ ಕಡೆ ಕೈ ತೋರಿಸಿದಳು. ಅವಳ ಕೈ ನಡುಗುತ್ತಿದ್ದದ್ದು ರಸ್ತೆಯ ಈಚೆಯಿಂದಲೂ ಕಾಣುತ್ತಿತ್ತು. ಊಟದ ಡಬ್ಬಿಯ ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ನಾನು ದೊಡ್ಡ ಗತ್ತಿನಲ್ಲಿ ಹೋಗಿ ಕಾರ್ಡ್ ತೋರಿಸಿದೆ. ಕಾನ್‌ಸ್ಟೆಬಲ್ ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದನ್ನ ಯಾರು ಕೊಟ್ಟಿದ್ದು?’ ಎಂದರು. ‘ನಮ್ಮ ಯಜಮಾನರು.’ ‘ಅವರಿಗೆ ಯಾರು ಕೊಟ್ಟಿದ್ದು?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಕಾಡುವುದು 2013ರಿಂದಲೇ ಪ್ರತ್ಯೇಕ ಅಪರಾಧ. ಆಗ ಐಪಿಸಿ 354ಡಿ, ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. ಅದರಲ್ಲಿ ವಿನಾಯಿತಿಗಳೂ ಇವೆ. ಅಪರಾಧ ತಡೆಯಲು ಅಥವಾ ಪತ್ತೆ ಮಾಡಲು ಸರ್ಕಾರ ಜವಾಬ್ದಾರಿ ಕೊಟ್ಟವರಿಗೆ, ಯಾವುದಾದರೂ ಕಾನೂನಿನ ಪ್ರಕಾರ ಮಾಡಿದವರಿಗೆ, ಇಲ್ಲವೇ ಆ ಸಂದರ್ಭದಲ್ಲಿ ಹಾಗೆ ಮಾಡಿದ್ದು ಸಮಂಜಸ ಎನಿಸಿದರೆ. ಮೊದಲನೆಯದು ನಮಗಲ್ಲ. ಎರಡನೆಯದಕ್ಕೆ ನಮಗೊಂದು ಕಾನೂನೇ ಇಲ್ಲ. ಉಳಿದದ್ದು ಮೂರನೆಯದು. ಗಂಡಿನ ತಾಯಿಗೆ ಅನುಮಾನ ಬಂತು ಎನ್ನುವುದು ಸಮಂಜಸವಾ? ಅವತ್ತು ಸ್ಟೇಷನ್ನಿನಲ್ಲಿ ಬೈಸಿಕೊಂಡು, ಬರೆದುಕೊಟ್ಟು ಹೊರಗೆ ಬಂದೆ. ಯಜಮಾನರು ಫೋನ್ ತೆಗೆಯಲಿಲ್ಲ. ಆ ಹುಡುಗಿಗೆ ಎಷ್ಟು ದಿನ ನಿದ್ದೆ ಬರಲಿಲ್ಲವೋ, ಅದು ನಮ್ಮ ರಿಪೋರ್ಟಿನಲ್ಲಿ ಬರೆಯುವ ವಿಷಯವಲ್ಲ.

ಹಿಂಬಾಲಿಸುವುದು ಹಳೇ ಕಾಲದ ಮಾತಾಯಿತು ಬಿಡಿ. ಈಗ ಕೆಲಸ ಕೊಡುವ ಪಾರ್ಟಿಗಳು ಬಂದು ಕೂತ ತಕ್ಷಣ ಕೇಳುವುದು ಸಿಡಿಆರ್. ಅಂದರೆ ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಫೋನ್ ಮಾಡಿದರು ಎಂಬ ಪಟ್ಟಿ. ಅದು ತನಿಖೆಗೆಂದು ಪೊಲೀಸರು ಕ್ರಮಬದ್ಧವಾಗಿ ಕೇಳಿದಾಗ ಅಥವಾ ಕೋರ್ಟ್ ಹೇಳಿದಾಗ ಮೊಬೈಲ್ ಕಂಪನಿ ಕೊಡುವಂಥದ್ದು. ನಮ್ಮಂಥವರ ಕೈಗೆ ಬಂತು ಎಂದರೆ ಯಾರೋ ಕದ್ದು ಮಾರಿದ್ದಾರೆ ಎಂದೇ ಅರ್ಥ. 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಇದೇ ವ್ಯವಹಾರದಲ್ಲಿ ಖಾಸಗಿ ಪತ್ತೇದಾರರನ್ನು ಬಂಧಿಸಿದ್ದು ಎಲ್ಲ ಪೇಪರಿನಲ್ಲೂ ಬಂತು. ಆದರೂ ಕೇಳುವುದು ನಿಂತಿಲ್ಲ. ಕಾರಿನ ಕೆಳಗೆ ಅಂಟಿಸುವ ಜಿಪಿಎಸ್ ಡಬ್ಬಿ ಆನ್‌ಲೈನಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಅಯಸ್ಕಾಂತ ಇರುತ್ತದೆ, ಟಪ್ ಎಂದು ಕೂರುತ್ತದೆ. ನಾನು ಎರಡು ಸಲ ಅಂಟಿಸಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾದರೂ ಸುಳ್ಳು ಹೇಳಿ ಪತ್ರ ಬರೆಯುವುದು ಬೇಡ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ವಿಚ್ಛೇದನ ಕೇಸಿನಲ್ಲಿ, ಗಂಡನೋ ಹೆಂಡತಿಯೋ ತಮ್ಮ ನಡುವಿನ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ಅದನ್ನು ಸಾಕ್ಷಿಯಾಗಿ ನೋಡಬಹುದು ಎಂದಿತು. ಅದು ದಂಪತಿಗಳ ನಡುವಿನ ಮಾತಿಗೆ, ಅವರ ಕೇಸಿಗೆ ಸೇರಿದ್ದು. ಇನ್ನೂ ಏಜೆನ್ಸಿಯಲ್ಲಿರುವ ನನ್ನ ಹಳೇ ಗೆಳೆಯ ಹೇಳುವುದೇ ಬೇರೆ. ‘ಈಗ ಕೋರ್ಟೇ ಒಪ್ಪಿದೆಯಲ್ಲ, ಅವಳ ಫೋನಿಗೆ ಏನಾದ್ರೂ ಹಾಕಿಕೊಡಿ’ ಎಂದು ಜನ ಬರುತ್ತಿದ್ದಾರಂತೆ. ಫೋನಿಗೆ ಕಳ್ಳ ಆ್ಯಪ್ ಹಾಕಿದರೆ ಐಟಿ ಕಾಯ್ದೆ ಹಿಡಿಯುತ್ತದೆ ಎಂದು ಅವರಿಗೆ ತಿಳಿಹೇಳಬೇಕಾದವನು ಪತ್ತೇದಾರ. ಅವನಿಗೇ ಗೊತ್ತಿಲ್ಲದಿದ್ದರೆ? ಗೊತ್ತಿದ್ದೂ ಬಾಡಿಗೆ ಕಟ್ಟುವ ತಿಂಗಳಾಗಿದ್ದರೆ?

ಒಂದು ಏಜೆನ್ಸಿ ಬಾಗಿಲು ಹಾಕಿದಾಗ ನಾನು ಅಲ್ಲೇ ಇದ್ದೆ. ಹೆಸರು ಬೇಡ. ಟೇಬಲ್ಲು, ಕುರ್ಚಿ, ಕಂಪ್ಯೂಟರು ಮಾರಿದರು. ಉಳಿದದ್ದು ಫೈಲುಗಳು. ಗುಜರಿಯವನು ತಕ್ಕಡಿ ತಂದ. ಫೈಲುಗಳ ರಟ್ಟು ಬೇರೆ, ಒಳಗಿನ ಕಾಗದ ಬೇರೆ ಮಾಡಿದ, ರೇಟು ಬೇರೆಯಂತೆ. ಅದರಲ್ಲಿ ಹೆಣ್ಣುಮಕ್ಕಳ ಫೋಟೋ, ಮನೆ ವಿಳಾಸ, ಯಾರದೋ ಹಳೇ ಪ್ರೇಮ, ಯಾರದೋ ಆಸ್ಪತ್ರೆ ಚೀಟಿ. ಹನ್ನೊಂದು ವರ್ಷದ ಊರಿನ ಗುಟ್ಟು ಆಟೋದಲ್ಲಿ ಹೋಯಿತು. ನಾನು ಕೈಗೆ ಸಿಕ್ಕಷ್ಟು ಹರಿದೆ. ‘ಹರಿಬೇಡಿ ಸಾರ್, ತೂಕ ಅಷ್ಟೇ, ಆದ್ರೆ ಕಟ್ಟೋಕಾಗಲ್ಲ’ ಎಂದ ಅವನು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರ ಊರಿನಲ್ಲೇ ಈ ಆಟೋ ಹೋಗಿದ್ದು.

ಹಾಗಾದರೆ ಈ ಕಸುಬೇ ಬೇಡ ಎನ್ನುತ್ತೀರಾ? ನಾನು ಒಪ್ಪುವುದಿಲ್ಲ. ಕೆಲಸವೇ ಇಲ್ಲ ಎಂದು ಕೋರ್ಟಿನಲ್ಲಿ ಹೇಳಿ ಜೀವನಾಂಶ ತಪ್ಪಿಸಿಕೊಂಡಿದ್ದ ಒಬ್ಬನನ್ನು, ತುಮಕೂರಿನಲ್ಲಿ ಅವನದೇ ಹಾರ್ಡ್‌ವೇರ್ ಅಂಗಡಿಯ ಗಲ್ಲಾಪೆಟ್ಟಿಗೆ ಹಿಂದೆ ಕೂತಿದ್ದಾಗ ಹುಡುಕಿದ್ದು ನಾನು. ಅಂಗಡಿಗೆ ಹೋಗಿ ಅರ್ಧ ಕೆಜಿ ಮೊಳೆ ಕೊಂಡು ಬಿಲ್ ಬರೆಸಿಕೊಂಡೆ, ಅಷ್ಟೆ. ಯಾರ ಫೋನೂ ಕದಿಯಲಿಲ್ಲ, ಯಾರ ಹಿಂದೆಯೂ ಅಲೆಯಲಿಲ್ಲ. ಆ ತಾಯಿ ಎರಡು ಮಕ್ಕಳನ್ನು ಕರೆದುಕೊಂಡು ಆಫೀಸಿಗೆ ಬಂದು ಒಂದು ಡಬ್ಬಿ ಮೈಸೂರು ಪಾಕ್ ಕೊಟ್ಟು ಹೋದರು. ಇಂಥ ಕೆಲಸಕ್ಕೆ ಪೊಲೀಸರಿಗೆ ಪುರುಸೊತ್ತಿಲ್ಲ, ಅವರ ಕೆಲಸವೂ ಅಲ್ಲ. ಮಾಡುವವರು ಬೇಕು. ಅವರು ಯಾರು ಎಂದು ಎಲ್ಲಾದರೂ ಬರೆದಿರಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಬೇಕೆಂದರೆ ಸಾಮಾನ್ಯವಾಗಿ ಮೂರು ವರ್ಷ, ಒಟ್ಟು 6,000 ಗಂಟೆ ತನಿಖೆಯ ಅನುಭವ ತೋರಿಸಿ ಪರೀಕ್ಷೆ ಪಾಸಾಗಬೇಕು. ಅಷ್ಟೆಲ್ಲ ಇಲ್ಲಿ ನಾಳೆಯೇ ಬರಲಿ ಎನ್ನುತ್ತಿಲ್ಲ. ಸದ್ಯಕ್ಕೆ ಒಂದು ರಿಜಿಸ್ಟರ್ ಸಾಕು. ಯಾರು ಕೆಲಸ ಕೊಟ್ಟರು, ಯಾಕೆ ಕೊಟ್ಟರು ಎಂದು ಪಾರ್ಟಿಯ ಸಹಿಯ ಜೊತೆ ಅದರಲ್ಲಿರಲಿ. ‘ಯಾಕೆ’ ಎನ್ನುವ ಕಾಲಂ ಒಂದಿದ್ದರೆ ಅರ್ಧ ಜನ ಬಾಗಿಲಿನಿಂದಲೇ ವಾಪಸ್ ಹೋಗುತ್ತಾರೆ, ನನಗೆ ಗೊತ್ತು. ಬಿಟ್ಟುಹೋದ ಹುಡುಗಿಯ ಹೊಸ ವಿಳಾಸ ಹುಡುಕಿಸಲು ‘ಅಣ್ಣ’ ಎಂದು ಹೇಳಿಕೊಂಡು ಬರುವವರು ಎಷ್ಟು ಜನ ಎಂದು ಫೀಲ್ಡಿನಲ್ಲಿ ಇದ್ದವರನ್ನು ಕೇಳಿ. ಕೆಲಸ ಮುಗಿದು ಇಷ್ಟು ದಿನಕ್ಕೆ ಫೈಲು ನಾಶ ಮಾಡಬೇಕು ಎಂದಿರಲಿ. ಕಾರ್ಡಿನ ಮೇಲೆ ಸರ್ಕಾರ ಕೊಟ್ಟ ನಂಬರ್ ಇರಲಿ. ದಿಲ್ಲಿಯವರು ಎದ್ದೇಳುವವರೆಗೆ ಕಾಯಬೇಕಾ ಎಂಬುದನ್ನು ನಮ್ಮ ರಾಜ್ಯದ ಗೃಹ ಇಲಾಖೆ ಯೋಚಿಸಲಿ. ಪೊಲೀಸ್ ವಿಷಯ ರಾಜ್ಯದ ಪಟ್ಟಿಯಲ್ಲೇ ಇದೆಯಲ್ಲ.

ಆ ಕೊರಿಯರ್ ಹುಡುಗನ ಕವರು ಇಸಿದುಕೊಂಡು ಬಿಚ್ಚಿದೆ. ಒಳಗೆ ಮಡಚಿದ ಹಳೇ ಪೇಪರು. ಈ ಕೆಲಸ ಬಿಟ್ಟುಬಿಡು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ನಾನು 17 ವರ್ಷ ಉಂಡ ಅನ್ನ ಅದು. ಮೇಲಿನ ಮನೆಯವರಿಗೆ ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಕೊನೆಗೆ ಮಂಗಳವಾರ ರಾತ್ರಿ ಹುಡುಗಿ ಕೆಲಸದಿಂದ ಬಂದಾಗ ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದೆ. ಒಂದು ನಿಮಿಷ ಸುಮ್ನೆ ನಿಂತಳು. ಆಮೇಲೆ, ‘ಅಂಕಲ್, ಇದಕ್ಕೆ ಎಲ್ಲಿ ಕಂಪ್ಲೇಂಟ್ ಕೊಡಬೇಕು?’ ಎಂದಳು. ಪೊಲೀಸ್ ಸ್ಟೇಷನ್ ಎನ್ನಬಹುದಿತ್ತು. ಆ ಹುಡುಗ ಅವಳ ಹಿಂದೆ ಹೋಗಿಲ್ಲ, ನನ್ನನ್ನು ಎರಡು ಪ್ರಶ್ನೆ ಕೇಳಿದ್ದಾನೆ ಅಷ್ಟೆ. ನೋಡಿ ಹೇಳ್ತೀನಮ್ಮ ಎಂದೆ. ಇನ್ನೂ ಹೇಳಿಲ್ಲ.

ಇಂತಿ,
ಒಬ್ಬ ಹಳೇ ಫೀಲ್ಡ್‌ಮ್ಯಾನ್, ಬೆಂಗಳೂರು
(ದಯವಿಟ್ಟು ಹೆಸರು ಪ್ರಕಟಿಸಬೇಡಿ)