ಟೀವಿಗೆ ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಸ್ಟ್ಯಾಂಡಪ್ ಕಾಮಿಡಿ ಮಾಡುವ ನಿನ್ನನ್ನು ಟೀವಿಯವರು ನಿರೂಪಕನಾಗಿ ಕರೆದಿದ್ದಾರೆ ಅಂತ ತಿಳಿದು ಬಂಗಾರಪೇಟೆಯಲ್ಲಿ ನಮ್ಮವರೆಲ್ಲ ಹಿಗ್ಗಿದ್ದಾರೆ ಕಣೋ. ಆದರೆ ಫೋನಲ್ಲಿ ನೀನು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿಂದ ಹೋಗುತ್ತಿಲ್ಲ. ‘ನಿಮ್ಮ ಕನ್ನಡದಲ್ಲಿ ತೆಲುಗು ಎಳೆತ ಜಾಸ್ತಿ, ಅದನ್ನು ಬಿಟ್ಟು ಬನ್ನಿ’ ಅಂದರಂತೆ. ನೀನೂ ಒಪ್ಪಿಕೊಂಡವನ ಹಾಗೇ ಮಾತಾಡಿದೆ. ಸಹಿ ಹಾಕುವ ಮುಂಚೆ ದಕ್ಷಿಣ ಆಫ್ರಿಕಾದ ಹಾಸ್ಯಗಾರ ಟ್ರೆವರ್ ನೋವಾನ ಕಥೆ ಪೂರ್ತಿ ಕೇಳು. ಅವನ ಕ್ಲಿಪ್ಪುಗಳನ್ನು ನೋಡಿ ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದೇವೆ, ಆದರೆ ಮೈಕ್ ಹಿಡಿದು ನಿಂತು ನಗಿಸುತ್ತಿದ್ದವನು ಟೀವಿಯ ಕುರ್ಚಿಯಲ್ಲಿ ಹೇಗೆ ನೆಲೆಯಾದ ಅನ್ನುವುದರ ಬಗ್ಗೆ ಯಾವತ್ತೂ ಮಾತಾಡಿಲ್ಲ.

ಅವನ ಜೋಹಾನ್ಸ್‌ಬರ್ಗ್ 1886ರಲ್ಲಿ ಚಿನ್ನ ಸಿಕ್ಕಿ ಹುಟ್ಟಿಕೊಂಡ ಊರು. ಗಣಿ ಇದ್ದ ಕಡೆ ದೇಶದ ಮೂಲೆಮೂಲೆಯ ಜನ, ಅವರವರ ಭಾಷೆ. ಕೆಜಿಎಫ್ ಪಕ್ಕದಲ್ಲೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವನು ಹುಟ್ಟಿದ್ದು 1984ರಲ್ಲಿ. ತಾಯಿ ಕಪ್ಪು ಹೆಂಗಸು, ತಂದೆ ಸ್ವಿಟ್ಜರ್ಲೆಂಡಿನ ಬಿಳಿಯ. ವರ್ಣಭೇದದ ಕಾನೂನಿನಲ್ಲಿ ಆ ಸಂಬಂಧವೇ ಅಪರಾಧ. ಮಗನ ಮೈಬಣ್ಣ ನೋಡಿ ಯಾರಾದರೂ ಹಿಡಿದಾರೆಂದು ತಾಯಿ ಅದೇ ಬಣ್ಣದ ಬೇರೊಬ್ಬ ಹೆಂಗಸನ್ನು ಅವನ ಪಕ್ಕ ನಡೆಸಿ, ತಾನು ಮನೆಗೆಲಸದವಳ ಹಾಗೆ ಹಿಂದೆ ಬರುತ್ತಿದ್ದಳು. ಕಪ್ಪು ಜನರ ಬಡಾವಣೆಯಾದ ಸೊವೆಟೊದ ಅಜ್ಜಿ ಮನೆಯಲ್ಲಿ ಹುಡುಗನನ್ನು ಬೀದಿಗೇ ಬಿಡುತ್ತಿರಲಿಲ್ಲ.

ಅಂಥವನಿಗೆ ಬದುಕುವ ದಾರಿ ತೋರಿಸಿದ್ದು ಭಾಷೆ. ಇಂಗ್ಲಿಷ್, ಕೋಸಾ, ಜುಲು, ಸೋತೋ, ತ್ಸ್ವಾನಾ, ಆಫ್ರಿಕಾನ್ಸ್ ಎಲ್ಲವೂ ಬರುತ್ತಿದ್ದವು. ಒಮ್ಮೆ ಹಿಂದೆ ಬರುತ್ತಿದ್ದ ಹುಡುಗರು ಇವನನ್ನು ದೋಚೋಣ ಅಂತ ಜುಲುವಿನಲ್ಲಿ ಮಾತಾಡಿಕೊಂಡರಂತೆ. ಇವನು ತಿರುಗಿ ಜುಲುವಿನಲ್ಲೇ, ಎಲ್ಲರೂ ಸೇರಿ ಬೇರೆ ಯಾರನ್ನಾದರೂ ದೋಚೋಣ ಬನ್ರೋ ಅಂದ. ಅವರು ನಮ್ಮವನೇ ಅಂದುಕೊಂಡು ಕ್ಷಮೆ ಕೇಳಿ ಹೋದರು.

ಇದನ್ನು ಕೇಳಿದಾಗ ನನ್ನ ಕಣ್ಣಿಗೆ ಬಂದಿದ್ದು ಕೋಲಾರದ ಎಪಿಎಂಸಿ ಟೊಮೆಟೊ ಮಂಡಿ. ನೆನಪಿದೆಯಾ, ಹರಾಜು ಕೂಗುವವನು ಬಾಕ್ಸಿನಿಂದ ಒಂದು ಹಣ್ಣು ತೆಗೆದು ಹಿಚುಕಿ ನೋಡುತ್ತಾ, ಚೆನ್ನೈ ವ್ಯಾಪಾರಿಗೆ ತಮಿಳಲ್ಲಿ ಆಸೆ ಹುಟ್ಟಿಸಿ, ಮದನಪಲ್ಲಿಯವನನ್ನು ತೆಲುಗಲ್ಲಿ ಕೆಣಕಿ, ಲಾರಿ ಡ್ರೈವರಿಗೆ ಉರ್ದುವಿನಲ್ಲಿ ಸ್ವಲ್ಪ ತಡಿಯಪ್ಪಾ ಅಂದು, ಮುಖ ಬಾಡಿಸಿಕೊಂಡು ನಿಂತ ರೈತನ ಹೆಗಲ ಮೇಲೆ ಕೈಯಿಟ್ಟು ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದ. ಎಲ್ಲಾ ಒಂದೇ ಉಸಿರಿನಲ್ಲಿ. ವೇದಿಕೆಯ ಮೇಲಿನ ನಿನ್ನ ಅತ್ಯುತ್ತಮ ಹತ್ತು ನಿಮಿಷ ಹುಟ್ಟಿದ್ದೇ ಅಲ್ಲಿ. ಆ ಎಳೆತ ತೆಗೆದರೆ ಉಳಿಯುವ ಕನ್ನಡವನ್ನು ಯಾವ ನಿರೂಪಕ ಬೇಕಾದರೂ ಮಾತಾಡಬಹುದು.

ನೋವಾ 2011ರಲ್ಲಿ ಅಮೆರಿಕಕ್ಕೆ ಹೋದ. ಮರುವರ್ಷ ಜನವರಿಯಲ್ಲಿ ಅಲ್ಲಿನ ಟೀವಿ ನಿರೂಪಕ ಜೇ ಲೆನೊ ಕಾರ್ಯಕ್ರಮದ ವೇದಿಕೆ ಸಿಕ್ಕಿತು. 2014ರ ಡಿಸೆಂಬರಿನಲ್ಲಿ, ಸುದ್ದಿಯನ್ನೇ ಲೇವಡಿ ಮಾಡುವ ‘ದಿ ಡೈಲಿ ಶೋ’ ಸೇರಿದವನಿಗೆ 2015ರ ಸೆಪ್ಟೆಂಬರ್ 28ರಿಂದ ಅದರ ಕುರ್ಚಿಯೇ ಬಂತು. ಹದಿನಾರು ವರ್ಷ ಜಾನ್ ಸ್ಟೀವರ್ಟ್ ಕೂತಿದ್ದ ಜಾಗ ಅದು. ಮೊದಮೊದಲು ನೋಡುವವರು ಕಡಿಮೆಯಾದರು. ಹೆಸರು ಪ್ರಕಟವಾದ ಕೂಡಲೇ ಜನ ಅವನ ಹಳೆಯ ಟ್ವೀಟುಗಳನ್ನು ಕೆದಕಿ, ಹೆಂಗಸರ ಮೇಲೆ, ಯಹೂದಿಗಳ ಮೇಲೆ ಮಾಡಿದ ಜೋಕುಗಳನ್ನು ಹಿಡಿದು ಝಾಡಿಸಿದರು. ನಿನ್ನ ಹಳೆಯ ವಿಡಿಯೊಗಳನ್ನೂ ಒಮ್ಮೆ ಕೂತು ನೋಡು. ಯಾರನ್ನೋ ನೋಯಿಸುವಂಥದ್ದಿದ್ದರೆ ಈಗಲೇ ಮುಖ ಕೊಟ್ಟು ಮಾತಾಡುವುದು ಒಳ್ಳೆಯದು.

ನನಗೆ ತುಂಬಾ ಹಿಡಿಸಿದ್ದು ಬೇರೆ ವಿಷಯ. ಜಾಹೀರಾತಿನ ಬಿಡುವಿನಲ್ಲಿ ನಿರೂಪಕರು ಸಾಮಾನ್ಯವಾಗಿ ಮುಖಕ್ಕೆ ಪೌಡರ್ ಹಚ್ಚಿಸಿಕೊಳ್ಳುತ್ತಾರೆ, ಚೀಟಿ ನೋಡಿಕೊಳ್ಳುತ್ತಾರೆ. ಇವನು ಸ್ಟುಡಿಯೊದಲ್ಲಿ ಕೂತ ಜನರ ಜೊತೆ ಸ್ಕ್ರಿಪ್ಟಿಲ್ಲದೆ ಹರಟುತ್ತಿದ್ದ. ಅವರ ಪ್ರಶ್ನೆ, ಇವನ ಉತ್ತರ, ಮಧ್ಯೆ ಅಜ್ಜಿಯ ದನಿ, ಅಮ್ಮನ ದನಿಯ ಅನುಕರಣೆ. ಅದನ್ನೇ ‘ಬಿಟ್ವೀನ್ ದಿ ಸೀನ್ಸ್’ ಅಂತ ಇಂಟರ್‌ನೆಟ್ಟಿಗೆ ಹಾಕಿದರು, 2017ರಲ್ಲಿ ಅದಕ್ಕೆ ಅಮೆರಿಕದ ಟೀವಿ ಪ್ರಶಸ್ತಿಯಾದ ಎಮ್ಮಿ ಬಂತು. ಸ್ಟ್ಯಾಂಡಪ್ ಮಾಡುವವನು ಒಂದು ಗಂಟೆಯ ಸರಕನ್ನು ವರ್ಷಗಟ್ಟಲೆ ಉಜ್ಜುತ್ತಾನೆ. ವಾರಕ್ಕೆ ನಾಲ್ಕು ರಾತ್ರಿ ಟೀವಿಯಲ್ಲಿ ಬರುವವನಿಗೆ ಆ ಪುರುಸೊತ್ತಿಲ್ಲ. ಎದುರಿಗಿರುವವರ ಮಾತಿಗೆ ತಟ್ಟನೆ ಮಾತು ಕೊಡುವ ಅಭ್ಯಾಸವೇ ಅವನನ್ನು ಕಾಪಾಡುವುದು. ಅದು ನಿನಗೆ ಮಂಡಿಯಲ್ಲೇ ಬಂದಿದೆ.

ಮಾತು ನಿಲ್ಲಿಸುವುದೂ ಅವನಿಗೆ ಗೊತ್ತಿತ್ತು. 2018ರಲ್ಲಿ ಕ್ಯಾಮೆರಾ ಸಮೇತ ಸೊವೆಟೊಗೆ ಹೋಗಿ, ತೊಂಬತ್ತು ದಾಟಿದ ಅಜ್ಜಿಯ ಪಕ್ಕ ಕೂತು, ವರ್ಣಭೇದದ ದಿನಗಳ ಬಗ್ಗೆ ಕೇಳಿದ. ಅಲ್ಲಿ ನಗಿಸಿದ್ದು ಅಜ್ಜಿ, ಇವನು ಜಾಗ ಬಿಟ್ಟುಕೊಟ್ಟ. ನಿನಗೆ ಕಷ್ಟವಾಗುವುದು ಇದೇ ಅಂತ ನನಗನ್ನಿಸುತ್ತದೆ. ವೇದಿಕೆಯಲ್ಲಿ ನಗು ನಿನಗೊಬ್ಬನಿಗೇ ಸಿಕ್ಕಿ ರೂಢಿ. ಟೀವಿಯಲ್ಲಿ ಅತಿಥಿಗೆ ಚಪ್ಪಾಳೆ ಬಿದ್ದರೆ ನಿರೂಪಕ ಗೆದ್ದ ಹಾಗೆ.

ಏಳು ವರ್ಷವಾದ ಮೇಲೆ, 2022ರ ಡಿಸೆಂಬರ್ 8ರಂದು, ಅವನು ತಾನಾಗಿಯೇ ಕುರ್ಚಿ ಬಿಟ್ಟ. ಊರೂರು ಸುತ್ತಿ ಜನರೆದುರು ನಿಲ್ಲುವ ಆಸೆ ಹೋಗಿಲ್ಲ, ಇನ್ನೂ ಭಾಷೆ ಕಲಿಯಬೇಕು ಅಂದ. ಟೀವಿಯಲ್ಲಿದ್ದಾಗಲೂ ಸ್ಟ್ಯಾಂಡಪ್ ನಿಲ್ಲಿಸಿರಲಿಲ್ಲ. ಹಾಗಾಗಿ ಕರಾರಿನಲ್ಲಿ ಎರಡು ವಿಷಯ ಕೇಳು. ಶನಿವಾರ, ಭಾನುವಾರ ಸ್ಟೇಜ್ ಶೋ ಮಾಡಲು ಬಿಡುತ್ತಾರಾ? ನಿನ್ನ ಮಾತಿನ ಧಾಟಿ ನಿನ್ನ ಇಷ್ಟಕ್ಕೆ ಇರುತ್ತದಾ? ಎರಡನೆಯದಕ್ಕೆ ಇಲ್ಲ ಅಂದರೆ, ಅವರು ಎಷ್ಟೇ ದುಡ್ಡು ಹೇಳಲಿ, ಆ ದಿನ ಸಹಿ ಹಾಕಬೇಡ. ಮೊದಲು ನನಗೆ ಫೋನ್ ಮಾಡು.

ಇಂತಿ ನಿನ್ನ ಗೆಳೆಯ